ಬೀಗ ನಮ್ಮದು, ಬೀಗದ ಕೈ ಯಾರದು?

ಮನೆಯೆಂದ ಮೇಲೆ ಹಜಾರವೂ ಇರಬೇಕು, ಒಳಮನೆಯೂ ಇರಬೇಕು. ಬಂದವರನ್ನು ಕುಳ್ಳಿರಿಸಿ ಉಪಚರಿಸುವುದಕ್ಕೆ ಹಜಾರ. ಮನೆಯವರು ತಮ್ಮ ಸುಖದುಃಖಗಳನ್ನು ತಾವು ತಾವೇ ಆಡಿಕೊಳ್ಳುವುದಕ್ಕೆ ಒಳಮನೆ. ಒಂದೇ ಅಂಕಣದ ಗುಡಿಸಲಿನಲ್ಲಿ ಬಾಳುವವರು ಕೂಡ ಹಳೆಯ ಸೀರೆಯೊಂದನ್ನು ಅಡ್ಡಗಟ್ಟಿ ಈ ಭೇದವನ್ನು ಮಾಡಿಕೊಂಡಿರುವುದನ್ನು ನಾವು ಕಂಡಿದ್ದೇವೆ. ಬಚ್ಚಿಡತಕ್ಕ ಪಾಪವೇನೋ ಇದೆಯೆಂದು ಹೀಗೆ ಮಾಡುವುದಿಲ್ಲ. ಮಗಳ ಸಂಬಂಧದ ಮಾತು, ಮಗನ ಸಾಲದ ಮಾತು, ಅತ್ತೆಯ ಕಾಯಿಲೆಯ ಮಾತು, ಇವೆಲ್ಲ ಒಳ್ಳೆಯ ಮಾತುಗಳೇ. ಆದರೂ ಇವಕ್ಕೊಂದು ಹೊಸಿಲುಂಟು. ಯಾವ ಮಾತು ಯಾವಾಗ ಹೊಸಿಲನ್ನು ದಾಟಬೇಕೆಂಬುದನ್ನು ಗೊತ್ತುಮಾಡತಕ್ಕವರು ಮನೆಯವರೇ ಹೊರತು ಬೀದಿಯವರಲ್ಲ.

ಈಚೆಗೆ ನಮ್ಮ ಮನೆಗಳಲ್ಲಿ ಈ ಹೊಸಿಲು ಎಲ್ಲಿದೆಯೆಂದು ಹೇಳುವುದೇ ಕಷ್ಟವಾಗಿದೆ. ಅಂಗೈಯಗಲದ ಫೋನು ಒಳಮನೆಗೂ ಬಂದಿದೆ, ಹಾಸಿಗೆಯ ಮಗ್ಗುಲಿಗೂ ಬಂದಿದೆ. ಅದನ್ನು ಹಳಿಯುವ ಉದ್ದೇಶದಿಂದ ನಾವು ಬರೆಯುತ್ತಿಲ್ಲ. ಪರದೇಶದಲ್ಲಿರುವ ಮಗನ ಮುಖವನ್ನು ಅದು ತೋರಿಸುತ್ತದೆ. ನಾವು ಒಮ್ಮೆ ಕೇಳಿದ ಹಾಡನ್ನು ನೆನಪಿಟ್ಟು ಅಂಥದೇ ಇನ್ನೊಂದನ್ನು ಮುಂದಿಡುತ್ತದೆ. ನಾವು ಕೊಳ್ಳುವ ಸಾಮಾನನ್ನು ನಾವು ನೆನೆಯುವ ಮೊದಲೇ ತಂದು ತೋರಿಸುತ್ತದೆ. ಹೀಗೆ ಒಬ್ಬೊಬ್ಬರ ಅಭಿರುಚಿಯನ್ನು ಅರಿತು ಒಬ್ಬೊಬ್ಬರಿಗೂ ಬೇರೆಬೇರೆ ಉಪಚಾರ ಮಾಡುವ ಸೇವೆಗಳ ವಿಷಯವಾಗಿಯೂ, ಆ ಉಪಚಾರವನ್ನು ಬಿಡದೆ ನಮ್ಮ ಒಳಮನೆಯ ಮಾತನ್ನು ಕಾಪಾಡಿಕೊಳ್ಳಲು ಗಣಿತಶಾಸ್ತ್ರವು ಮಾಡಿಕೊಟ್ಟಿರುವ ಬೀಗದ ವಿಷಯವಾಗಿಯೂ ನಮ್ಮ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಗಿರಾಕಿಯನ್ನು ಅರಿತು ನಡೆಯುವ ಅಂಗಡಿಯು ಲೋಕಕ್ಕೆ ಹೊಸದಲ್ಲ. ನಾವು ಚಿಕ್ಕವರಾಗಿದ್ದಾಗ ನಮ್ಮ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಶೆಟ್ಟರು, ನಮ್ಮ ತಾಯಿ ಮೆಟ್ಟಲು ಹತ್ತುತ್ತಿರುವಾಗಲೇ, "ಅಮ್ಮಾವರಿಗೆ ಹಳೆಯ ಅಕ್ಕಿ ತೆಗೆದಿಟ್ಟಿದ್ದೇನೆ" ಎನ್ನುತ್ತಿದ್ದರು. ಮೆಣಸು, ಜೀರಿಗೆ, ಒಣಶುಂಠಿಗಳನ್ನು ಒಟ್ಟಿಗೆ ಕೇಳಿದರೆ, "ಮನೆಯಲ್ಲಿ ಯಾರಿಗೆ ನೆಗಡಿ?" ಎಂದು ವಿಚಾರಿಸುತ್ತಿದ್ದರು. ಇದರಿಂದ ಯಾರಿಗೂ ಬೇಸರವಾಗುತ್ತಿರಲಿಲ್ಲ. ಶೆಟ್ಟರು ನಮ್ಮನ್ನು ಬಲ್ಲವರಾಗಿದ್ದಂತೆ ನಾವೂ ಅವರನ್ನು ಬಲ್ಲವರಾಗಿದ್ದೆವು. ಅವರ ಮನೆಯ ಮದುವೆಗೆ ನಾವು ಹೋಗಿದ್ದೆವು. ಅವರ ಉದ್ರಿಯ ಪುಸ್ತಕದಲ್ಲಿ ನಮ್ಮ ಬಾಕಿ ಇತ್ತೇ ಹೊರತು ನಮ್ಮ ಬಾಳು ಇರಲಿಲ್ಲ. ಅಲ್ಲದೆ ಅವರು ಮನುಷ್ಯರಾದ್ದರಿಂದ ಮರೆಯುತ್ತಿದ್ದರು. ಈಗಿನ ಅಂಗಡಿಯಾದರೋ ಯಾವ ದೇಶದಲ್ಲಿದೆಯೋ ನಮಗೆ ಕಾಣದು. ನಾವು ಏನನ್ನು ಕೊಂಡೆವು ಎಂಬುದನ್ನು ಮಾತ್ರವಲ್ಲ, ಯಾವುದನ್ನು ನೋಡಿ ಬಿಟ್ಟೆವು, ಎಷ್ಟು ಹೊತ್ತು ನೋಡಿದೆವು, ನಡುರಾತ್ರಿಯಲ್ಲಿ ನೋಡಿದೆವೋ ಹಗಲಿನಲ್ಲಿ ನೋಡಿದೆವೋ ಎಂಬುದನ್ನೂ ಅದು ಬರೆದಿಡುತ್ತದೆ. ಅದಕ್ಕೆ ಮರೆವಿಲ್ಲ. ಅದರ ಮನೆಯ ಮದುವೆಗೆ ನಮಗೆ ಕರೆಯೂ ಇಲ್ಲ.

ಇದರಿಂದ ಆಗತಕ್ಕ ನೋವು ಎಂಥದೆಂಬುದನ್ನು ನಾವು ನಮ್ಮ ಬಳಗದಲ್ಲಿಯೇ ಕಂಡೆವು. ನಮ್ಮ ತಂಗಿಯ ಮಗಳ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅವಳ ಹೆಸರನ್ನೂ ಊರನ್ನೂ ಬಿಟ್ಟಿದ್ದೇವೆ. ಕೆಲವು ವರ್ಷಗಳ ಹಿಂದೆ ಅವಳು ಗರ್ಭಿಣಿಯಾದಳು. ಮೂರು ತಿಂಗಳು ತುಂಬುವವರೆಗೆ ಆ ಸುದ್ದಿಯನ್ನು ಹೊರಗೆ ಆಡಬಾರದೆಂಬುದು ನಮ್ಮ ಮನೆತನದಲ್ಲಿ ನಡೆದುಬಂದ ಪದ್ಧತಿ. ಹಾಗೆಯೇ ಗಂಡಹೆಂಡಿರು, ಹುಡುಗಿಯ ತಾಯಿ, ವೈದ್ಯೆ, ಈ ನಾಲ್ವರ ಹೊರತು ಯಾರಿಗೂ ತಿಳಿದಿರಲಿಲ್ಲ. ದೊಡ್ಡಮ್ಮನಾದ ನಮಗೂ ತಿಳಿದಿರಲಿಲ್ಲ. ಚೊಚ್ಚಲ ಬಸಿರಿನ ಹಿಗ್ಗು. ಯಾರೊಡನೆಯಾದರೂ ಹೇಳಿಕೊಳ್ಳಬೇಕೆನ್ನಿಸುವುದು ಸಹಜ. ಬಸುರಿಯರಿಗೆಂದು ಮಾಡಿರುವ ಆ್ಯಪ್ ಒಂದನ್ನು ಅವಳು ತನ್ನ ಫೋನಿನಲ್ಲಿ ಹಾಕಿಕೊಂಡು, ತಿಥಿ ದಿನಗಳನ್ನೆಲ್ಲ ಅದರಲ್ಲಿ ಬರೆದಳು. ಅದು ವಾರವಾರವೂ, "ಈಗ ನಿಮ್ಮ ಕೂಸು ಕಡಲೆಕಾಳಿನಷ್ಟಿದೆ", "ಈಗ ನೇರಳೆಯ ಹಣ್ಣಿನಷ್ಟಿದೆ" ಎಂದು ಅವಳಿಗೆ ತಿಳಿಸುತ್ತಿತ್ತು.

ಹನ್ನೊಂದನೆಯ ವಾರದಲ್ಲಿ ಆ ಗರ್ಭವು ನಿಲ್ಲದೆ ಹೋಯಿತು. ಹುಡುಗಿ ಆ ದಿನವೇ ಆ್ಯಪನ್ನು ಅಳಿಸಿಹಾಕಿದಳು. ಆದರೇನು? ಆ್ಯಪ್ ಹೋದರೂ ಸುದ್ದಿ ಉಳಿದಿತ್ತು. ಅವಳು ಬಟ್ಟೆಯನ್ನು ನೋಡಹೋದರೆ ಫೋನು ಕೂಸಿನ ಕುಲಾವಿಯನ್ನು ತೋರಿಸುವುದು. ಅಡಿಗೆಯ ವಿಡಿಯೊ ನೋಡಹೋದರೆ ನಡುವೆ ತೊಟ್ಟಿಲು ತೂಗುವುದು. ತಿಂಗಳುಗಟ್ಟಲೆ ಹೀಗೆಯೇ ನಡೆಯಿತು. ಒಂದು ದಿನ ನೆಂಟರ ಮನೆಯ ಗೃಹಪ್ರವೇಶದಲ್ಲಿ ಅವಳು ತನ್ನ ಫೋನಿನಲ್ಲಿದ್ದ ಚಿತ್ರಗಳನ್ನು ವಯಸ್ಸಾದ ಅಜ್ಜಿಯೊಬ್ಬರಿಗೆ ತೋರಿಸುತ್ತಿರುವಾಗ ತೊಟ್ಟಿಲಿನ ಜಾಹೀರಾತು ಮೇಲಕ್ಕೆ ಬಂತು. ಆ ಮುದುಕಿ ಒಳ್ಳೆಯ ಮನಸ್ಸಿನಿಂದಲೇ, ನೆರೆದವರೆಲ್ಲ ಕೇಳುವಂತೆ, "ಏನೇ ಮಗಳೇ, ಈಗ ಎಷ್ಟು ತಿಂಗಳು?" ಎಂದು ಕೇಳಿಬಿಟ್ಟರು.

ಆ ರಾತ್ರಿ ಅವಳು ನಮ್ಮ ಮಗ್ಗುಲಿಗೆ ಬಂದು ಮಲಗಿ, ನಡೆದುದನ್ನೆಲ್ಲ ಹೇಳಿ, "ದೊಡ್ಡಮ್ಮ, ನಾನು ನಿಮಗೇ ಹೇಳಿರಲಿಲ್ಲ, ಅವರಿಗೆ ಹೇಳಿದವರು ಯಾರು? ಬಂದದ್ದನ್ನು ತಿಳಿದುಕೊಂಡವರಿಗೆ ಹೋದದ್ದು ಯಾಕೆ ತಿಳಿಯಲಿಲ್ಲ?" ಎಂದಳು. ನಾವು ಕಂಪ್ಯೂಟರಿನ ವಿದ್ಯೆಯನ್ನು ಕಲಿತವರಲ್ಲ. ಆಗ ಉತ್ತರವೇನನ್ನೂ ಕೊಡಲಾರದೆ ಅವಳ ತಲೆಯನ್ನು ಸವರುತ್ತ ಕುಳಿತಿದ್ದೆವು. ಆಮೇಲೆ ಬಲ್ಲವರನ್ನು ಕೇಳಿಯೂ ಓದಿಯೂ ತಿಳಿದುಕೊಂಡುದನ್ನು, ಇಂಥ ಪ್ರಶ್ನೆಯು ಇತರ ಮನೆಗಳಲ್ಲಿಯೂ ಎದ್ದಿರಬಹುದೆಂದು ಎಣಿಸಿ, ಇಲ್ಲಿ ಹೇಳುತ್ತೇವೆ.

ಈ ಸೇವೆಗಳನ್ನು ನಡೆಸುವವರನ್ನು ಕೇಳಿದರೆ, "ನಿಮ್ಮ ಹೆಸರನ್ನು ತೆಗೆದುಬಿಟ್ಟಿದ್ದೇವೆ, ಇನ್ನು ನಿಮಗೇನು ಭಯ?" ಎನ್ನುವುದುಂಟು. ಹೆಸರನ್ನು ತೆಗೆದರೆ ಗುಟ್ಟು ಉಳಿಯುವುದೋ ಇಲ್ಲವೋ ಎಂಬುದಕ್ಕೆ ಅಮೆರಿಕಾ ದೇಶದಲ್ಲಿ ನಡೆದ ಎರಡು ಸಂಗತಿಗಳೇ ಸಾಕ್ಷಿ. ೨೦೦೬ರ ಆಗಸ್ಟಿನಲ್ಲಿ ಎ. ಓ. ಎಲ್. ಎಂಬ ಸಂಸ್ಥೆಯು, ವಿದ್ವಾಂಸರ ಉಪಯೋಗಕ್ಕೆಂದು, ತನ್ನ ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ ಸುಮಾರು ಎರಡು ಕೋಟಿ ಮಾತುಗಳನ್ನು ಪ್ರಕಟಿಸಿತು. ಹೆಸರುಗಳನ್ನು ತೆಗೆದು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಅವುಗಳಲ್ಲಿ ಒಂದು ಸಂಖ್ಯೆಯನ್ನು ಹಿಡಿದು, ಅದರ ಕೆಳಗಿದ್ದ ಮಾತುಗಳನ್ನು ಜೋಡಿಸಿ, ಕೆಲವೇ ದಿನಗಳಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಬಾಗಿಲಿಗೆ ಹೋಗಿ ನಿಂತರು. ಅವರು ಸ್ನೇಹಿತರ ಕಾಯಿಲೆಗಳ ವಿಷಯವಾಗಿ ಹುಡುಕಿದುದೂ ಆ ಪಟ್ಟಿಯಲ್ಲಿತ್ತು. ನೋಡಿದವರು ಆ ಕಾಯಿಲೆಗಳೆಲ್ಲ ಅವರದೇ ಎಂದು ಎಣಿಸಿದ್ದರೂ ಆಶ್ಚರ್ಯವಿಲ್ಲ.

ಎರಡನೆಯದು ಚಲಚ್ಚಿತ್ರಗಳ ಕತೆ. ನೆಟ್‌ಫ್ಲಿಕ್ಸ್ ಸಂಸ್ಥೆಯು ತನ್ನ ಚಂದಾದಾರರಿಗೆ ಅವರವರ ರುಚಿಗೆ ತಕ್ಕ ಚಿತ್ರಗಳನ್ನು ಸೂಚಿಸುವ ಕ್ರಮವನ್ನು ಉತ್ತಮಪಡಿಸಿದವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ೨೦೦೬ರಲ್ಲಿ ಸಾರಿತು. ಸ್ಪರ್ಧಿಗಳಿಗಾಗಿ ಸುಮಾರು ೪ ಲಕ್ಷ ೮೦ ಸಾವಿರ ಚಂದಾದಾರರು ೧೭,೭೭೦ ಚಿತ್ರಗಳಿಗೆ ಕೊಟ್ಟಿದ್ದ ಹತ್ತು ಕೋಟಿಗೂ ಮೀರಿದ ಅಂಕಗಳನ್ನು, ಹೆಸರುಗಳನ್ನು ತೆಗೆದು, ಹೊರಗಿಟ್ಟಿತು. ಆಗ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಎಂಬ ಇಬ್ಬರು ಆ ರಾಶಿಯನ್ನು ಪರೀಕ್ಷಿಸಿ, ೨೦೦೮ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಒಬ್ಬರು ಅಂಕ ಕೊಟ್ಟ ಎಂಟು ಚಿತ್ರಗಳು ನಮಗೆ ಗೊತ್ತಿದ್ದರೆ ಸಾಕು. ಅವುಗಳಲ್ಲಿ ಎರಡು ತಪ್ಪಾಗಿದ್ದರೂ ಚಿಂತೆಯಿಲ್ಲ, ದಿನಗಳ ಲೆಕ್ಕವು ಹದಿನಾಲ್ಕು ದಿನ ಅತ್ತಿತ್ತ ಆಗಿದ್ದರೂ ಚಿಂತೆಯಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಆ ಮನುಷ್ಯನ ಸಾಲು ಇದೇ ಎಂದು ಬೆರಳಿಟ್ಟು ತೋರಿಸಬಹುದು ಎಂಬುದು ಅವರ ಸಿದ್ಧಾಂತ. ನೋಡಿದ ಚಿತ್ರಗಳಿಂದ ಏನು ತಿಳಿದೀತೆಂದು ಕೆಲವರು ನಗಬಹುದು. ೨೦೦೯ರಲ್ಲಿ ಒಬ್ಬ ತಾಯಿ ತನ್ನ ಹೆಸರನ್ನು ಮರೆಮಾಡಿಕೊಂಡು ನ್ಯಾಯಾಲಯಕ್ಕೆ ಹೋದಳು. ತನ್ನ ಒಲವು ಹೆಂಗಸರ ಕಡೆಗೆ ಎಂಬ ಸಂಗತಿಯನ್ನು ಆಕೆ ಯಾರಿಗೂ ಹೇಳಿರಲಿಲ್ಲ. ತಾನು ನೋಡಿದ ಚಿತ್ರಗಳ ಪಟ್ಟಿಯು ಅದನ್ನು ಹೇಳಿಬಿಡುವುದೆಂದೂ, ಅದರಿಂದ ತನ್ನ ಮಕ್ಕಳಿಗೂ ತೊಂದರೆಯಾಗುವುದೆಂದೂ ಆಕೆಯ ಅಳಲು. ಮರುವರ್ಷ ಸಂಸ್ಥೆಯು ತಾನು ನಡೆಸಬೇಕೆಂದಿದ್ದ ಎರಡನೆಯ ಸ್ಪರ್ಧೆಯನ್ನು ಕೈಬಿಟ್ಟಿತು.

ಈ ಎರಡರಿಂದ ಕಲಿಯತಕ್ಕ ಪಾಠ ಒಂದೇ. ಮನುಷ್ಯನನ್ನು ಗುರುತಿಸುವುದಕ್ಕೆ ಹೆಸರು ಬೇಡ. ಅವನ ನಡೆಯೇ ಸಾಕು. ಕತ್ತಲೆಯಲ್ಲಿಯೂ ಮನೆಯವರ ಹೆಜ್ಜೆಯ ಸಪ್ಪಳವನ್ನು ನಾವು ಗುರುತಿಸುವುದಿಲ್ಲವೆ? ಆದುದರಿಂದ ಹೆಸರನ್ನು ಅಳಿಸುವುದು ಸಾಲದು, ಬರಹವನ್ನೇ ಬೀಗದೊಳಗಿಡಬೇಕು. ಆ ಬೀಗಕ್ಕೆ ಎನ್‌ಕ್ರಿಪ್ಷನ್ ಎಂದು ಹೆಸರು. ಕನ್ನಡದಲ್ಲಿ ಗೂಢಲಿಪಿಯೆನ್ನಬಹುದು. ಬರಹವನ್ನು ಗಣಿತದಿಂದ ಕಲಸಿ, ಬೀಗದ ಕೈ ಉಳ್ಳವರ ಹೊರತು ಇತರರಿಗೆ ಅರ್ಥವಾಗದಂತೆ ಮಾಡುವುದೇ ಅದರ ಕೆಲಸ. ಬೀಗದ ಕೈಯೆಂದರೆ ಇಲ್ಲಿ ಒಂದು ಬಹು ದೊಡ್ಡ ಸಂಖ್ಯೆ.

ಬೀಗಗಳಲ್ಲಿ ಭೇದವುಂಟು, ಗೃಹಿಣಿಯರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಮೊದಲನೆಯದು ದಾರಿಯ ಬೀಗ. ಫೋನಿನಿಂದ ಸಂಸ್ಥೆಯ ಕಂಪ್ಯೂಟರಿನವರೆಗೆ ಹೋಗುವ ಹಾದಿಯಲ್ಲಿ ಕಳ್ಳರು ಓದದಂತೆ ಇದು ಕಾಯುತ್ತದೆ. ವಿಳಾಸದ ಮೊದಲಿನಲ್ಲಿ ಎಚ್. ಟಿ. ಟಿ. ಪಿ. ಎಸ್. ಎಂದಿದ್ದರೆ ಈ ಬೀಗ ಉಂಟೆಂದು ತಿಳಿಯಬೇಕು. ಎರಡನೆಯದು ಉಗ್ರಾಣದ ಬೀಗ. ಸಂಸ್ಥೆಯು ತನ್ನಲ್ಲಿರುವ ಲೆಕ್ಕಪತ್ರಗಳನ್ನು ಬೀಗ ಹಾಕಿ ಇಟ್ಟಿರುತ್ತದೆ. ಆದರೆ ಬೀಗದ ಕೈ ಸಂಸ್ಥೆಯ ಸೊಂಟದಲ್ಲಿಯೇ ಇರುತ್ತದೆ. ಹೊರಗಿನ ಕಳ್ಳನಿಗೆ ಇದು ಅಡ್ಡಿ. ಒಳಗಿನ ಕಣ್ಣಿಗೆ ಅಡ್ಡಿಯಲ್ಲ. ಮೂರನೆಯದು ಈ ತುದಿಯಿಂದ ಆ ತುದಿಯವರೆಗಿನ ಬೀಗ. ಇದರಲ್ಲಿ ಬರೆದವರ ಫೋನಿನಲ್ಲಿಯೂ ಓದುವವರ ಫೋನಿನಲ್ಲಿಯೂ ಮಾತ್ರ ಬೀಗದ ಕೈ ಇರುತ್ತದೆ. ನಡುವೆ ಸಾಗಿಸುವ ಸಂಸ್ಥೆಗೂ ಒಳಗಿರುವುದು ಕಾಣದು. ವಾಟ್ಸಾಪಿನಲ್ಲಿ ೨೦೧೬ರ ಏಪ್ರಿಲಿನಿಂದ ನಮ್ಮ ಪತ್ರಗಳಿಗೂ ಕರೆಗಳಿಗೂ ಹಾಕುತ್ತಿರುವುದು ಈ ಮೂರನೆಯ ಬೀಗ. ಹೀಗಿದ್ದರೂ, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಬರೆದರೆಂಬುದು ಲಕೋಟೆಯ ಮೇಲಿನ ವಿಳಾಸದಂತೆ ಸಾಗಿಸುವವರಿಗೆ ಕಾಣುವುದನ್ನು ಮರೆಯಬಾರದು. "ನಮ್ಮಲ್ಲಿ ಎಲ್ಲವೂ ಬೀಗದೊಳಗಿದೆ" ಎಂದು ಯಾವ ಸಂಸ್ಥೆಯು ಹೇಳಿದರೂ, "ಬೀಗದ ಕೈ ಯಾರ ಬಳಿಯಲ್ಲಿದೆ?" ಎಂದು ಕೇಳುವುದೇ ಬುದ್ಧಿವಂತರ ಲಕ್ಷಣ.

ಇಲ್ಲಿಯೇ ಒಂದು ತೊಡಕು ಬರುತ್ತದೆ. ಇಬ್ಬರ ನಡುವಿನ ಪತ್ರವನ್ನು ಸಾಗಿಸುವವನು ಅದನ್ನು ಓದಬೇಕಾದುದಿಲ್ಲ. ಆದರೆ ನಮ್ಮ ರುಚಿಗೆ ತಕ್ಕ ಹಾಡನ್ನು ಹುಡುಕಿಕೊಡುವವನು, ನಮ್ಮ ದೇಹಸ್ಥಿತಿಗೆ ತಕ್ಕ ಸಲಹೆಯನ್ನು ಹೇಳುವವನು, ನಮ್ಮ ವಿಷಯವನ್ನು ತಿಳಿಯದೆ ಆ ಕೆಲಸವನ್ನು ಹೇಗೆ ಮಾಡಿಯಾನು? ಕಣ್ಣು ಕಟ್ಟಿದ ಅಡಿಗೆಯವನು ನಮ್ಮ ನಾಲಿಗೆಗೆ ಹಿಡಿಸುವಂತೆ ಬಡಿಸಬಲ್ಲನೆ? ಆಗದೆಂದೇ ಬಹುಕಾಲ ಜನರು ನಂಬಿದ್ದರು. ಆಗಬಹುದೆಂದು ಗಣಿತಜ್ಞರು ಈಗ ಮಾಡಿ ತೋರಿಸಿದ್ದಾರೆ. ಬಹು ಸುಲಭವಾದ ಒಂದು ಲೆಕ್ಕದಿಂದ ಇದರ ತತ್ವವನ್ನು ತಿಳಿಯಬಹುದು.

ನಮ್ಮಲ್ಲಿ ೩೭ ಮತ್ತು ೪೨ ಎಂಬ ಎರಡು ಸಂಖ್ಯೆಗಳಿವೆಯೆಂದು ತಿಳಿಯೋಣ. ಇವನ್ನು ನೆರೆಯ ಗುಮಾಸ್ತರಿಂದ ಕೂಡಿಸಬೇಕು; ಆದರೆ ಸಂಖ್ಯೆಗಳು ಅವರಿಗೆ ತಿಳಿಯಬಾರದು. ನಾವು ಮನಸ್ಸಿನಲ್ಲಿಯೇ ೫೦೦ ಮತ್ತು ೮೦೦ ಎಂಬ ಎರಡು ಗುಟ್ಟಿನ ಸಂಖ್ಯೆಗಳನ್ನು ಇಟ್ಟುಕೊಂಡು, ೩೭ಕ್ಕೆ ೫೦೦ನ್ನೂ ೪೨ಕ್ಕೆ ೮೦೦ನ್ನೂ ಸೇರಿಸಿ, ೫೩೭ ಮತ್ತು ೮೪೨ ಎಂದು ಬರೆದು ಕೊಡುತ್ತೇವೆ. ಗುಮಾಸ್ತರು ಕೂಡಿಸಿ ೧,೩೭೯ ಎಂದು ಹಿಂದಕ್ಕೆ ಕೊಡುತ್ತಾರೆ. ನಾವು ಅದರಿಂದ ನಮ್ಮ ಗುಟ್ಟಿನ ೧,೩೦೦ನ್ನು ಕಳೆದರೆ ೭೯ ಉಳಿಯುತ್ತದೆ. ಅದೇ ನಮಗೆ ಬೇಕಾದ ಮೊತ್ತ. ಗುಮಾಸ್ತರು ಕೆಲಸವನ್ನು ಸರಿಯಾಗಿ ಮಾಡಿದರು; ಏನನ್ನು ಕೂಡಿಸಿದೆವೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. ನಿಜವಾದ ಗೂಢಲಿಪಿಯು ಇದಕ್ಕಿಂತ ಎಷ್ಟೋ ಪಾಲು ಗಹನವಾದುದು. ಆದರೆ ಅದರ ಬೀಜವು ಇಷ್ಟೇ. ಬೀಗವನ್ನು ತೆಗೆಯದೆಯೇ ಒಳಗಿರುವುದರ ಮೇಲೆ ಲೆಕ್ಕವನ್ನು ನಡೆಸುವುದು.

ಹೀಗೆ ಮಾಡಬಹುದೆ ಎಂಬ ಪ್ರಶ್ನೆಯನ್ನು ೧೯೭೮ರಲ್ಲಿ ರಿವೆಸ್ಟ್, ಏಡಲ್‌ಮನ್, ಡರ್ಟೂಜೋಸ್ ಎಂಬ ಮೂವರು ಪಂಡಿತರು ಲೋಕದ ಮುಂದಿಟ್ಟರು. ಕೂಡುವುದಕ್ಕೆ ಬರುವ ಬೀಗಗಳು ಸಿಕ್ಕಿದವು. ೧೯೯೯ರಲ್ಲಿ ಪಾಸ್ಕಲ್ ಪೈಲಿಯೆ ಅವರು ರಚಿಸಿದುದು ಅಂಥದು. ಗುಣಿಸುವುದಕ್ಕೆ ಬರುವ ಬೀಗಗಳೂ ಇದ್ದವು. ಆದರೆ ಕೂಡುವುದನ್ನೂ ಗುಣಿಸುವುದನ್ನೂ ಎಷ್ಟು ಸಲ ಬೇಕಾದರೂ ಒಂದೇ ಬೀಗದೊಳಗೆ ಮಾಡುವುದು ಮೂವತ್ತು ವರ್ಷ ಯಾರಿಗೂ ಸಾಧ್ಯವಾಗಲಿಲ್ಲ. ಅವೆರಡೂ ಬಂದರೆ ಕಂಪ್ಯೂಟರು ಮಾಡಬಲ್ಲ ಯಾವ ಲೆಕ್ಕವಾದರೂ ಬಂದಂತೆಯೇ. ೨೦೦೯ರಲ್ಲಿ ಕ್ರೆಗ್ ಜೆಂಟ್ರಿ ಎಂಬವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ತಮ್ಮ ಪ್ರಬಂಧದಲ್ಲಿ ಇದನ್ನು ಸಾಧಿಸಿದರು. ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ಎಂದು ಇದಕ್ಕೆ ಹೆಸರು.

ಜೆಂಟ್ರಿಯವರೇ ಇದನ್ನು ಒಡವೆಯಂಗಡಿಯ ಉಪಮಾನದಿಂದ ವಿವರಿಸಿದ್ದಾರೆ. ನಮ್ಮ ಮನೆಗಳಲ್ಲಿ ಇದು ಒಡನೆಯೇ ಅರ್ಥವಾಗತಕ್ಕದ್ದು. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ಹಳೆಯ ಗಾದೆಯುಂಟಷ್ಟೆ; ಪ್ರಾಮಾಣಿಕರಾದ ಎಷ್ಟೋ ಮಂದಿ ಅಕ್ಕಸಾಲಿಗರನ್ನು ಬಲ್ಲ ನಾವು ಅದನ್ನು ಒಪ್ಪುವುದಿಲ್ಲ. ಆದರೂ ಅಂಗಡಿಯ ಯಜಮಾನಿಯೊಬ್ಬಳಿಗೆ ಕೆಲಸಗಾರರಲ್ಲಿ ನಂಬಿಕೆಯಿಲ್ಲವೆಂದು ಇಟ್ಟುಕೊಳ್ಳೋಣ. ಅವಳು ಚಿನ್ನವನ್ನೂ ಹರಳನ್ನೂ ಒಂದು ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುತ್ತಾಳೆ. ಪೆಟ್ಟಿಗೆಯ ಗೋಡೆಯಲ್ಲಿ ಕೈಚೀಲಗಳನ್ನು ಜೋಡಿಸಿದೆ. ಕೆಲಸಗಾರನು ಅವುಗಳೊಳಗೆ ಕೈ ತೂರಿಸಿ ಒಳಗಿನ ಚಿನ್ನದಿಂದ ಒಡವೆಯನ್ನು ಮಾಡಬಲ್ಲನು; ಚಿನ್ನವನ್ನು ಹೊರಕ್ಕೆ ತೆಗೆಯಲಾರನು. ಕೆಲಸ ಮುಗಿದ ಮೇಲೆ ಯಜಮಾನಿಯು ತನ್ನ ಬೀಗದ ಕೈಯಿಂದ ತೆರೆದು ಒಡವೆಯನ್ನು ತೆಗೆದುಕೊಳ್ಳುತ್ತಾಳೆ. ಜೆಂಟ್ರಿಯವರ ಬೀಗದಲ್ಲಿ ಇನ್ನೊಂದು ಗುಣ ಹೆಚ್ಚು: ಪೆಟ್ಟಿಗೆಯು ಗಾಜಿನದಲ್ಲ; ಕೆಲಸಗಾರನಿಗೆ ಒಳಗಿರುವುದು ಕಾಣುವುದೂ ಇಲ್ಲ.

ಇದರಲ್ಲಿ ದೋಷವಿಲ್ಲವೆಂದಲ್ಲ. ಬೀಗದೊಳಗೆ ಲೆಕ್ಕ ನಡೆದಂತೆಲ್ಲ, ಕೈಯಿಂದ ಕೈಗೆ ಹೋದ ತುಪ್ಪಕ್ಕೆ ಕಸ ಬೀಳುವಂತೆ, ಸಂಖ್ಯೆಗಳಿಗೆ ಒಂದು ಬಗೆಯ ಕೊಳೆ ಸೇರುತ್ತ ಹೋಗುತ್ತದೆ. ಹೆಚ್ಚಾದರೆ ಉತ್ತರವೇ ಕೆಡುತ್ತದೆ. ಆಗಾಗ ಆ ಕೊಳೆಯನ್ನು, ಬೀಗವನ್ನು ತೆರೆಯದೆಯೇ, ತೊಳೆಯಬೇಕು. ೨೦೧೧ರಲ್ಲಿ ಜೆಂಟ್ರಿಯವರೂ ಅವರ ಜೊತೆಗಾರರಾದ ಶಾಯ್ ಹಲೆವಿಯವರೂ ಮಾಡಿದ ಪ್ರಯೋಗದಲ್ಲಿ ಹೀಗೆ ಒಂದು ಸಲ ತೊಳೆಯುವುದಕ್ಕೆ, ಬೀಗದ ಬಲಕ್ಕೆ ತಕ್ಕಂತೆ, ಮೂವತ್ತು ಸೆಕೆಂಡುಗಳಿಂದ ಮೂವತ್ತು ನಿಮಿಷಗಳವರೆಗೆ ಹಿಡಿಯಿತು. ಆಮೇಲೆ ವಿದ್ಯೆಯು ಬಹಳ ಚುರುಕಾಗಿದೆ. ಆದರೂ ಬಿಚ್ಚಿಟ್ಟ ಸಂಖ್ಯೆಗಳ ಲೆಕ್ಕಕ್ಕಿಂತ ಇದು ಇಂದಿಗೂ ಎಷ್ಟೋ ಪಾಲು ನಿಧಾನ. ಆದುದರಿಂದ ಚಿಕ್ಕ ಕೆಲಸಗಳಲ್ಲಿ ಮೊದಲು ಬಳಕೆಗೆ ಬಂದಿದೆ. ನಮ್ಮ ಗುಪ್ತಪದವು ಕಳ್ಳರ ಪಟ್ಟಿಯಲ್ಲಿ ಸೇರಿದೆಯೋ ಎಂಬುದನ್ನು, ಆ ಪದವನ್ನು ತಾನು ನೋಡದೆಯೇ ಹೇಳುವ ಏರ್ಪಾಡನ್ನು ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೧ರಲ್ಲಿ ತನ್ನ ಎಡ್ಜ್ ಎಂಬ ಬ್ರೌಸರಿನಲ್ಲಿ ಮಾಡಿತು. ಕರೆಮಾಡುತ್ತಿರುವ ಅಪರಿಚಿತ ಸಂಖ್ಯೆಯು ಯಾರದೆಂಬುದನ್ನು, ಆ ಸಂಖ್ಯೆಯು ಸರ್ವರಿಗೆ ತಿಳಿಯದಂತೆಯೇ ವಿಚಾರಿಸಿ ಹೇಳುವ ಕ್ರಮವನ್ನು ಆಪಲ್ ಸಂಸ್ಥೆಯು ೨೦೨೪ರಲ್ಲಿ ತನ್ನ ಫೋನುಗಳಿಗೆ ತಂದಿತು.

ಇನ್ನೊಂದು ಹಾದಿಯೂ ಉಂಟು. ಚಿನ್ನವನ್ನು ಅಂಗಡಿಗೆ ಕಳುಹಿಸದೆ ಅಕ್ಕಸಾಲಿಗನನ್ನೇ ಮನೆಗೆ ಕರೆಸಿ, ಜಗುಲಿಯ ಮೇಲೆ ಕೂರಿಸಿ, ಕಣ್ಣೆದುರಿನಲ್ಲಿ ಒಡವೆ ಮಾಡಿಸುವುದು ನಮ್ಮ ಹಿರಿಯರ ಪದ್ಧತಿ. ಅದರಂತೆ ನಮ್ಮ ಬರಹವು ಫೋನಿನಲ್ಲಿಯೇ ಉಳಿದು, ಲೆಕ್ಕವೇ ಫೋನಿಗೆ ಬರಬಹುದು. ನಾವು ಒಂದಕ್ಷರ ಒತ್ತಿದೊಡನೆ ಮುಂದಿನ ಮಾತನ್ನು ಸೂಚಿಸುವ ಕೀಲಿಮಣೆಯಲ್ಲಿ ಗೂಗಲ್ ಸಂಸ್ಥೆಯು ೨೦೧೭ರಲ್ಲಿ ಈ ಬಗೆಯ ಪ್ರಯೋಗವನ್ನು ಆರಂಭಿಸಿತು. ಫೋನು ತಾನು ಕಲಿತ ಪಾಠದ ಸಾರವನ್ನು ಮಾತ್ರ ಕಳುಹಿಸುತ್ತದೆ. ನಾವು ಬರೆದ ಮಾತನ್ನು ಕಳುಹಿಸುವುದಿಲ್ಲ. ಆ ಸಾರವೂ ಒಬ್ಬೊಬ್ಬರದಾಗಿ ಕಾಣದಂತೆ ಮಾಡುವ ಉಪಾಯವನ್ನು ಆ ವರ್ಷವೇ ಅಲ್ಲಿನ ವಿದ್ವಾಂಸರು ಪ್ರಕಟಿಸಿದರು: ಇಬ್ಬಿಬ್ಬರು ಸೇರಿ ಒಂದು ಗುಟ್ಟಿನ ಸಂಖ್ಯೆಯನ್ನು ಗೊತ್ತುಮಾಡಿಕೊಂಡು, ಒಬ್ಬರು ಅದನ್ನು ತಮ್ಮದಕ್ಕೆ ಸೇರಿಸುತ್ತಾರೆ, ಇನ್ನೊಬ್ಬರು ತಮ್ಮದರಿಂದ ಕಳೆಯುತ್ತಾರೆ. ಒಬ್ಬೊಬ್ಬರ ಸಂಖ್ಯೆಯೂ ಮರೆಯಾಗುತ್ತದೆ. ಎಲ್ಲವನ್ನೂ ಕೂಡಿದಾಗ ಗುಟ್ಟುಗಳು ಒಂದಕ್ಕೊಂದು ವಜಾ ಆಗಿ ಮೊತ್ತವು ಮಾತ್ರ ನಿಲ್ಲುತ್ತದೆ.

ಇಷ್ಟನ್ನು ತಿಳಿದ ಮೇಲೆ ನಮ್ಮ ಹುಡುಗಿಯ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. "ಕೂಸು ನೇರಳೆಯ ಹಣ್ಣಿನಷ್ಟಿದೆ" ಎಂದು ಹೇಳುವುದಕ್ಕೆ ಒಂದು ದಿನಾಂಕವೂ ಒಂದು ಕೋಷ್ಟಕವೂ ಸಾಕು. ಎರಡೂ ಫೋನಿನಲ್ಲಿಯೇ ಇರಬಹುದಾಗಿತ್ತು. ಆ ದಿನಾಂಕವು ಫೋನನ್ನು ಬಿಟ್ಟು ಹೊರಡಬೇಕಾದ ಅಗತ್ಯವು ಸೇವೆಗೆ ಇರಲಿಲ್ಲ, ಜಾಹೀರಾತಿಗೆ ಇತ್ತು. ಬಂದದ್ದನ್ನು ತಿಳಿದವರಿಗೆ ಹೋದದ್ದು ಏಕೆ ತಿಳಿಯಲಿಲ್ಲವೆಂದರೆ, ಬಂದ ಸುದ್ದಿಗೆ ಕೊಳ್ಳುವವರಿದ್ದರು. ಹೋದ ಸುದ್ದಿಯನ್ನು ಕೇಳುವವರಿರಲಿಲ್ಲ. ಇದು ಕಠಿಣವಾದ ಮಾತು. ಆದರೆ ಇದಕ್ಕಿಂತ ಮೃದುವಾದ ಉತ್ತರವು ನಮಗೆ ಕಾಣಲಿಲ್ಲ.

ಬೀಗವೊಂದರಿಂದಲೇ ಎಲ್ಲವೂ ಆಗದು. ಕಾಯಿದೆಯ ಬಲವೂ ಬೇಕು. ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೊಂದುಂಟು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ಎಂಬತ್ತು ವರ್ಷ ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿದರು. ಅದರಿಂದ ಹುಟ್ಟಿದ ವಾದದಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಮತದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟರು. ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶಗಳ ರಕ್ಷಣೆಯ ಶಾಸನವೂ, ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳೂ ಹೊರಬಂದವು. ಅವು ಹಂತಹಂತವಾಗಿ ಜಾರಿಗೆ ಬರತಕ್ಕವು. ಒಪ್ಪಿಗೆಯನ್ನು ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದು ಶಾಸನವು ಹೇಳುತ್ತದೆ. ಹದಿನೆಂಟು ತುಂಬದ ಮಕ್ಕಳನ್ನು ಗುರಿಯಾಗಿಟ್ಟುಕೊಂಡು ಜಾಹೀರಾತು ತೋರಿಸುವುದನ್ನು ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ದತ್ತಾಂಶಗಳನ್ನು ಕಾಪಾಡುವ ಕ್ರಮಗಳಲ್ಲಿ ಗೂಢಲಿಪಿಯ ಹೆಸರನ್ನು ನಿಯಮಗಳೇ ಎತ್ತಿವೆ. ಇದು ಸಂತೋಷದ ವಿಷಯ. ಆದರೆ ಅಲ್ಲಿ ಹೇಳಿರುವುದು ಉಗ್ರಾಣಕ್ಕೆ ಹಾಕತಕ್ಕ ಬೀಗ. ಬೀಗದ ಕೈ ನಮ್ಮ ಬಳಿಯಲ್ಲಿಯೇ ಇರಬೇಕೆಂಬ ಮಾತು ಅದರಲ್ಲಿಲ್ಲ.

ಹೀಗಿರುವಾಗ ಮನೆಯವರು ಮಾಡತಕ್ಕದ್ದೇನು? ಮೊದಲನೆಯದಾಗಿ, ಹೊಸ ಆ್ಯಪನ್ನು ಹಾಕಿಕೊಳ್ಳುವಾಗ ಅದು ಕೇಳುವ ಅಪ್ಪಣೆಗಳನ್ನು ಓದಿ ನೋಡಬೇಕು. ತಿಂಗಳ ದಿನದ ಲೆಕ್ಕವಿಡುವ ಆ್ಯಪಿಗೆ ನಮ್ಮ ಬಂಧುಮಿತ್ರರ ಪಟ್ಟಿಯೇಕೆ? ಬರೆದುದನ್ನು ಫೋನಿನಲ್ಲಿಯೇ ಉಳಿಸುವ ಆ್ಯಪ್‌ಗಳೂ ಉಂಟು, ಅಂಥವನ್ನು ಆರಿಸಬೇಕು. ಎರಡನೆಯದಾಗಿ, ಆ್ಯಪನ್ನು ಅಳಿಸುವ ಮೊದಲು ಅದರೊಳಗಿನ ನಮ್ಮ ಖಾತೆಯನ್ನು ಅಳಿಸಲು ಕೋರಬೇಕು. ಆ್ಯಪ್ ಹೋದರೆ ಖಾತೆಯೂ ಹೋಗುವುದೆಂಬ ನಿಯಮವಿಲ್ಲ. ಮೂರನೆಯದಾಗಿ, ವಾಟ್ಸಾಪಿನ ಪತ್ರಗಳ ಪ್ರತಿಯನ್ನು ಬೇರೆಡೆ ಉಳಿಸುವ ಅಭ್ಯಾಸವಿದ್ದರೆ, ಆ ಪ್ರತಿಗೂ ಮೂರನೆಯ ಬಗೆಯ ಬೀಗವನ್ನು ಹಾಕುವ ಅನುಕೂಲವು ೨೦೨೧ರಿಂದ ಉಂಟು. ಸೆಟ್ಟಿಂಗ್ಸಿನಲ್ಲಿ ಅದನ್ನು ನಾವೇ ಆರಿಸಬೇಕು, ಅದರ ಗುಪ್ತಪದವನ್ನು ಮರೆಯಬಾರದು. ನಾಲ್ಕನೆಯದಾಗಿ, ಮನೆಮಂದಿಯೆಲ್ಲ ಒಂದೇ ಫೋನನ್ನು ಬಳಸುವ ಕಡೆಗಳಲ್ಲಿ ಯಾವ ಗೂಢಲಿಪಿಯೂ ಮನೆಯವರಿಂದ ಮನೆಯವರನ್ನು ಕಾಯಲಾರದೆಂಬುದನ್ನು ತಿಳಿದು, ಒಬ್ಬರು ಹುಡುಕಿದುದನ್ನು ಇನ್ನೊಬ್ಬರು ಕೆದಕಿ ನೋಡದಿರುವ ಮರ್ಯಾದೆಯನ್ನು ಮಕ್ಕಳಿಗೆ ಕಲಿಸಬೇಕು. ಇನ್ನೊಬ್ಬರಿಗೆ ಬಂದ ಕಾಗದವನ್ನು ಒಡೆಯಬಾರದೆಂದು ನಮ್ಮ ತಂದೆತಾಯಿಗಳು ನಮಗೆ ಕಲಿಸಿದುದು ಇದೇ ಮರ್ಯಾದೆಯನ್ನು.

ಎಲ್ಲಕ್ಕೂ ಹೆಚ್ಚಾಗಿ, ಕೇಳುವುದನ್ನು ಕಲಿಯಬೇಕು. ತರಕಾರಿಯವಳ ತಕ್ಕಡಿಯನ್ನು ಎರಡು ಸಲ ನೋಡುವ ನಾವು, ನಮ್ಮ ಬಾಳನ್ನೇ ತೂಗುವ ತಕ್ಕಡಿಯನ್ನು ಒಂದು ಸಲವಾದರೂ ನೋಡಬೇಡವೆ? ನಮ್ಮನ್ನು ತಿಳಿಯದೆ ನಮ್ಮ ಸೇವೆಯನ್ನು ಮಾಡುವುದು ಆಗದ ಮಾತೆಂದು ಯಾರಾದರೂ ಹೇಳಿದರೆ, ಎಲ್ಲ ಕೆಲಸಗಳಿಗೂ ಆ ಮಾತು ಈಗ ಸಲ್ಲದು. ಅದು ನಿಧಾನವಾಗಬಹುದು, ವೆಚ್ಚವಾಗಬಹುದು. ಆದರೆ ಕೆಲವು ಕಡೆ ಆಗಲೇ ನಡೆದಿದೆ. ಗಿರಾಕಿಗಳು ಕೇಳದ ಸರಕನ್ನು ಯಾವ ಅಂಗಡಿಯವನೂ ತಂದಿಡುವುದಿಲ್ಲ. ಬೀಗವನ್ನು ಕಟ್ಟುವ ವಿದ್ಯೆಯನ್ನು ಗಣಿತಜ್ಞರು ತಮ್ಮ ಪಾಲಿಗೆ ಮಾಡಿಕೊಟ್ಟಿದ್ದಾರೆ. ಬೀಗದ ಕೈಯನ್ನು ಕೇಳಿ ಪಡೆಯುವ ಕೆಲಸವು ಮನೆಮನೆಯ ಯಜಮಾನ ಯಜಮಾನಿಯರಿಗೆ ಸೇರಿದ್ದೆಂದು ನಮ್ಮ ಬಿನ್ನಹ.